ಪ್ರಿಸೆಟ್‌ಗಳ ಪಂದ್ಯಕ್ಕೆ ಪರೀಕ್ಷೆಯೆಂಬ ಹೆಸರು

ಎಚ್‌ಡಿಆರ್ ತಂತ್ರಾಂಶಗಳನ್ನು ಹೋಲಿಸಿ ನೋಡುವ ಬರಹಗಳಿಗೂ ವಿಡಿಯೋಗಳಿಗೂ ಒಂದು ಸಿದ್ಧ ಅಚ್ಚಿದೆ. ಸೂರ್ಯಾಸ್ತದ ಒಂದು ದೃಶ್ಯ. ಅದರ ಮೂರು ಎಕ್ಸ್‌ಪೋಶರ್‌ಗಳು: ಒಂದು ಕಪ್ಪಗೆ, ಒಂದು ಹದವಾಗಿ, ಒಂದು ಬೆಳ್ಳಗೆ. ಈ ಮೂರನ್ನೂ ಫೋಟೊಮ್ಯಾಟಿಕ್ಸ್, ಲೈಟ್‌ರೂಮ್, ಫೋಟೊಶಾಪ್, ಅರೋರಾ, ಲ್ಯೂಮಿನೆನ್ಸ್ ಎಚ್‌ಡಿಆರ್ ಎಂದು ಒಂದೊಂದಕ್ಕೂ ಸರದಿಯಂತೆ ಹಾಕುತ್ತಾರೆ. ತೆರೆದ ಕೂಡಲೇ ಕಣ್ಣಿಗೆ ಬಿದ್ದ ಪ್ರಿಸೆಟ್ ಒತ್ತುತ್ತಾರೆ. ಹೊರಬಂದ ಐದು ಚಿತ್ರಗಳನ್ನು ಸಾಲಾಗಿ ಇಟ್ಟು ಅಂಕ ಕೊಡುತ್ತಾರೆ. ಮೋಡದ ಒಂದೊಂದು ಎಳೆಯೂ, ಬಂಡೆಯ ಬುಡದ ಒಂದೊಂದು ಹುಲ್ಲೂ ಯಾವುದರಲ್ಲಿ ಎದ್ದು ಕಾಣುತ್ತದೋ ಅದು ಗೆಲ್ಲುತ್ತದೆ.

ನಮ್ಮ ಕ್ಯಾಮೆರಾ ಕ್ಲಬ್‌ಗಳ ಮಾತುಕತೆಯಲ್ಲೂ, ಹೊಸದಾಗಿ ಕ್ಯಾಮೆರಾ ಕೊಂಡವರಿಗೆ ಹಳಬರು ಕೊಡುವ ಸಲಹೆಯಲ್ಲೂ ಇದೇ ತೀರ್ಪು ಓಡಾಡುತ್ತಿದೆ: ಹೆಚ್ಚು ವಿವರ ತೋರಿಸುವ ತಂತ್ರಾಂಶವೇ ಒಳ್ಳೆಯ ತಂತ್ರಾಂಶ. ಈ ತೀರ್ಪು ತಪ್ಪು, ಅದಕ್ಕೆ ಕರೆದೊಯ್ಯುವ ಪರೀಕ್ಷೆಯೂ ತಪ್ಪು. ಅಳೆದು ನೋಡಬಹುದಾದ ಕೆಲಸವನ್ನು ಈ ಹೋಲಿಕೆಗಳು ಮುಟ್ಟುವುದೇ ಇಲ್ಲ. ಅಭಿರುಚಿಗೆ ಬಿಡಬೇಕಾದ ಕೆಲಸಕ್ಕೆ ಅಂಕ ಹಾಕಿ ಮುಗಿಸುತ್ತವೆ. ಅದರಿಂದ ಯಾರೋ ನಾಲ್ಕು ಜನ ಬೇಡದ ತಂತ್ರಾಂಶಕ್ಕೆ ದುಡ್ಡು ಕೊಟ್ಟರು ಎಂಬಷ್ಟಕ್ಕೇ ಹಾನಿ ನಿಂತಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಒಂದು ತಲೆಮಾರಿನ ಛಾಯಾಗ್ರಾಹಕರಿಗೆ ಇವು ನೆರಳೆಂದರೆ ದೋಷ ಎಂದು ಕಲಿಸಿವೆ.

ಎಚ್‌ಡಿಆರ್ ತಂತ್ರಾಂಶ ಎಂಬ ಒಂದೇ ಹೆಸರಿನ ಕೆಳಗೆ ಎರಡು ಕೆಲಸಗಳಿವೆ ಎಂಬಲ್ಲಿಂದ ಹೊರಡೋಣ. ಮೊದಲನೆಯದು ಕೂಡಿಸುವ ಕೆಲಸ. ಬೇರೆ ಬೇರೆ ಎಕ್ಸ್‌ಪೋಶರ್‌ನ ಚಿತ್ರಗಳಿಂದ, ದೃಶ್ಯದ ಪ್ರತಿಯೊಂದು ಬಿಂದುವಿನಿಂದಲೂ ಎಷ್ಟು ಬೆಳಕು ಬರುತ್ತಿತ್ತು ಎಂಬುದನ್ನು ಲೆಕ್ಕ ಹಾಕಿ ಒಂದೇ ಕಡತದಲ್ಲಿ ದಾಖಲಿಸುವುದು. 1997ರ ಸಿಗ್ರಾಫ್ ಸಮ್ಮೇಳನದಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಮಂಡಿಸಿದ ಪ್ರಬಂಧ ಈ ಕೆಲಸಕ್ಕೆ ಗಟ್ಟಿಯಾದ ಗಣಿತದ ತಳಹದಿ ಹಾಕಿಕೊಟ್ಟಿತು. ಫಿಲ್ಮಿನಲ್ಲಾಗಲಿ ಜೆಪೆಗ್‌ನಲ್ಲಾಗಲಿ ಬೆಳಕು ಎರಡರಷ್ಟಾದರೆ ಚಿತ್ರದ ಅಂಕಿ ಎರಡರಷ್ಟಾಗುವುದಿಲ್ಲ; ಅದಕ್ಕೆ ತನ್ನದೇ ಒಂದು ವಕ್ರರೇಖೆ ಇರುತ್ತದೆ. ಒಂದೇ ದೃಶ್ಯವನ್ನು ಬೇರೆ ಬೇರೆ ಅವಧಿಗೆ ತೆಗೆದ ಚಿತ್ರಗಳಿಂದಲೇ ಆ ರೇಖೆಯನ್ನು ಕಂಡುಹಿಡಿದು, ಅದನ್ನು ನೇರಗೊಳಿಸಿ, ಪ್ರತಿ ಅಂಕಿಯನ್ನೂ ಎಕ್ಸ್‌ಪೋಶರ್ ಅವಧಿಯಿಂದ ಭಾಗಿಸಿ, ನಂಬಲರ್ಹವಾದವಕ್ಕೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುವ ವಿಧಾನ ಅವರದು. ಇಂದಿನ ರಾ ಫೈಲುಗಳಲ್ಲಿ ಅಂಕಿಗಳು ಆಗಲೇ ಬೆಳಕಿಗೆ ನೇರ ಅನುಪಾತದಲ್ಲಿರುವುದರಿಂದ ಲೆಕ್ಕ ಇನ್ನೂ ಸುಲಭ. ಹೀಗೆ ಕೂಡಿದ ಕಡತಕ್ಕೆ ಸಾಮಾನ್ಯ ಅರ್ಥದಲ್ಲಿ ಚಿತ್ರ ಎಂಬ ಹೆಸರು ಹೊಂದುವುದಿಲ್ಲ. ಅದು ಬೆಳಕಿನ ಲೆಕ್ಕದ ಪುಸ್ತಕ.

ಎರಡನೆಯದು ಟೋನ್ ಮ್ಯಾಪಿಂಗ್. ಹತ್ತು ಸಾವಿರಕ್ಕೂ ಹೆಚ್ಚು ಪಟ್ಟು ಅಂತರವಿರುವ ಬೆಳಕನ್ನು, ಸುಮಾರು ನೂರು ಪಟ್ಟಿನ ಅಂತರವನ್ನಷ್ಟೇ ತೋರಿಸಬಲ್ಲ ಕಾಗದಕ್ಕೋ ಅದಕ್ಕಿಂತ ಒಂದಿಷ್ಟು ಮೇಲಾದ ಪರದೆಗೋ ಇಳಿಸುವುದು. ಇಲ್ಲಿ ಏನನ್ನಾದರೂ ಬಿಟ್ಟುಕೊಡದೆ ವಿಧಿಯಿಲ್ಲ. ಏನನ್ನು ಬಿಡಬೇಕು ಎಂಬುದಕ್ಕೆ ಒಂದೇ ಸರಿಯುತ್ತರ ಇಲ್ಲ ಎಂಬುದಕ್ಕೆ 2002ರ ಸಿಗ್ರಾಫ್ ಸಮ್ಮೇಳನವೇ ಸಾಕ್ಷಿ. ಒಂದೇ ವರ್ಷ, ಒಂದೇ ವೇದಿಕೆಯಲ್ಲಿ ಮೂರು ಗುಂಪುಗಳು ಮೂರು ದಾರಿ ತೋರಿಸಿದವು. ಎರಿಕ್ ರೈನ್‌ಹಾರ್ಡ್ ಮತ್ತು ಸಂಗಡಿಗರು ಆನ್ಸೆಲ್ ಆಡಮ್ಸ್‌ನ ಜೋನ್ ಪದ್ಧತಿಯನ್ನು ನೆನೆದು, ಡಾರ್ಕ್‌ರೂಮಿನಲ್ಲಿ ಮುದ್ರಕ ಮಾಡುವ ಕೆಲಸವನ್ನು ಗಣಿತಕ್ಕೆ ಇಳಿಸಿದರು. ಫ್ರೆಡೊ ಡ್ಯುರಾನ್ ಮತ್ತು ಜೂಲಿ ಡಾರ್ಸಿ ಚಿತ್ರವನ್ನು ದೊಡ್ಡ ಏರಿಳಿತ ಮತ್ತು ಸಣ್ಣ ವಿವರ ಎಂದು ಎರಡು ಪದರ ಮಾಡಿ, ದೊಡ್ಡದನ್ನು ಮಾತ್ರ ಕುಗ್ಗಿಸಿದರು. ರಾನನ್ ಫತ್ತಾಲ್ ಮತ್ತು ಸಂಗಡಿಗರು ಪಕ್ಕಪಕ್ಕದ ಬಿಂದುಗಳ ನಡುವಿನ ವ್ಯತ್ಯಾಸವನ್ನೇ ಹಿಡಿದು, ದೊಡ್ಡ ವ್ಯತ್ಯಾಸಗಳನ್ನು ತಗ್ಗಿಸಿದರು. ಮೂರರ ಫಲಿತಾಂಶವೂ ಬೇರೆ ಬೇರೆ, ಯಾವುದೂ ಸುಳ್ಳಲ್ಲ. ಮೂವರೂ ಬೇರೆ ಬೇರೆ ವಸ್ತುವನ್ನು ಉಳಿಸಿಕೊಳ್ಳಲು ಹೊರಟಿದ್ದರು.

ಕೂಡಿಸುವ ಕೆಲಸದಲ್ಲಿ ಸರಿ ತಪ್ಪುಗಳಿವೆ, ಅಳೆದು ಹೇಳಬಹುದು. ಟೋನ್ ಮ್ಯಾಪಿಂಗ್‌ನಲ್ಲಿ ಉದ್ದೇಶ ಗೊತ್ತಾಗದ ಹೊರತು ಸರಿ ತಪ್ಪು ಹೇಳಲಾಗದು. ಅಚ್ಚಿನ ಹೋಲಿಕೆಗಳು ಮೊದಲನೆಯದನ್ನು ಒಂದು ಸಾಲಿನಲ್ಲಿ ದಾಟಿ ('ಮೂರೂ ಚಿತ್ರಗಳು ಚೆನ್ನಾಗಿ ಕೂಡಿಕೊಂಡವು') ಎರಡನೆಯದರ ಮೇಲೆ ಪೂರಾ ಕೂತುಬಿಡುತ್ತವೆ. ಅದೂ ತಂತ್ರಾಂಶದ ಟೋನ್ ಮ್ಯಾಪಿಂಗ್ ಏನೇನು ಮಾಡಬಲ್ಲದು ಎಂದು ನೋಡಲಿಕ್ಕೆ ಅಲ್ಲ. ತಯಾರಕರು ಮೊದಲೇ ಹಾಕಿಟ್ಟ ಒಂದು ಪ್ರಿಸೆಟ್ ಹೇಗೆ ಕಾಣುತ್ತದೆ ಎಂದು ನೋಡಲಿಕ್ಕೆ.

ಇದರಿಂದ ಆಗುವ ಅನ್ಯಾಯ ಲೈಟ್‌ರೂಮ್ ವಿಷಯದಲ್ಲಿ ಕಣ್ಣಿಗೆ ರಾಚುವಂತಿದೆ. 2015ರ ಏಪ್ರಿಲ್‌ನಲ್ಲಿ ಅದಕ್ಕೆ ಎಚ್‌ಡಿಆರ್ ಕೂಡಿಸುವ ಸೌಲಭ್ಯ ಬಂತು. ಅದು ಕೂಡಿಸಿ ಕೊಡುವುದು 16 ಬಿಟ್ ಫ್ಲೋಟಿಂಗ್ ಪಾಯಿಂಟ್‌ನ ಒಂದು ಡಿಎನ್‌ಜಿ ಕಡತವನ್ನು. ಅಂದರೆ ಇನ್ನೂ ಯಾವ ತೀರ್ಮಾನವನ್ನೂ ಮಾಡದ, ಅಗಾಧ ವ್ಯಾಪ್ತಿಯ ಒಂದು ರಾ ಫೈಲು. ಎಕ್ಸ್‌ಪೋಶರ್ ಸ್ಲೈಡರ್ ಮಾಮೂಲಿ ಐದು ಸ್ಟಾಪ್‌ಗಳ ಬದಲು ಮೇಲೆ ಕೆಳಗೆ ಹತ್ತು ಹತ್ತು ಸ್ಟಾಪ್ ಸರಿಯುತ್ತದೆ. ಬಿಳಿ ಸಮತೋಲನವನ್ನೂ ಆಮೇಲೆ ಬದಲಿಸಬಹುದು. ಇಷ್ಟೆಲ್ಲ ಕೈಗೆ ಕೊಟ್ಟ ಆ ಕಡತವನ್ನು ಅಚ್ಚಿನ ಹೋಲಿಕೆಗಾರರು ಹಾಗೆಯೇ ಜೆಪೆಗ್ ಮಾಡಿ, ಪಕ್ಕದಲ್ಲಿ ಅರೋರಾದ ಝಗಮಗಿಸುವ ಪ್ರಿಸೆಟ್ ಇಟ್ಟು, 'ಲೈಟ್‌ರೂಮ್‌ದು ಸಪ್ಪೆ' ಎಂದು ಬರೆದರು. ಲೈಟ್‌ರೂಮಿನ ಕೂಡಿಕೆಗೆ ತನ್ನದೇ ದೌರ್ಬಲ್ಯಗಳಿರಬಹುದು. ಸಪ್ಪೆತನ ಅವುಗಳಲ್ಲಿ ಒಂದಲ್ಲ. ಏನನ್ನೂ ಕೆಡಿಸದೆ ಕೊಟ್ಟದ್ದಕ್ಕೆ ಅದು ಅಂಕ ಕಳೆದುಕೊಂಡಿತು.

ಎನ್‌ಫ್ಯೂಸ್ ಎಂಬ ತಂತ್ರಾಂಶದ ಕಥೆ ಇನ್ನೊಂದು ಬಗೆ. 2007ರಲ್ಲಿ ಟಾಮ್ ಮೆರ್ಟೆನ್ಸ್, ಯಾನ್ ಕೌಟ್ಸ್, ಫ್ರಾಂಕ್ ವಾನ್ ರೀಟ್ ಎಂಬ ಮೂವರು ಎಕ್ಸ್‌ಪೋಶರ್ ಫ್ಯೂಶನ್ ಎಂಬ ವಿಧಾನ ಮಂಡಿಸಿದರು. ಇದರಲ್ಲಿ ಬೆಳಕಿನ ಲೆಕ್ಕವೇ ಇಲ್ಲ. ಪ್ರತಿ ಚಿತ್ರದ ಪ್ರತಿ ಬಿಂದುವಿನಲ್ಲೂ ಸ್ಥಳೀಯ ಕಾಂಟ್ರಾಸ್ಟ್ ಎಷ್ಟಿದೆ, ಬಣ್ಣ ಎಷ್ಟು ಗಾಢವಾಗಿದೆ, ಅದು ನಡುಮಟ್ಟದ ಹೊಳಪಿಗೆ ಎಷ್ಟು ಹತ್ತಿರವಿದೆ ಎಂಬ ಮೂರನ್ನು ನೋಡಿ, ಚೆನ್ನಾಗಿರುವುದಕ್ಕೆ ಹೆಚ್ಚು ಪಾಲು ಕೊಟ್ಟು ನೇರವಾಗಿ ಬೆಸೆಯುತ್ತಾರೆ. ಉಚಿತವಾಗಿ ಸಿಗುವ ಎನ್‌ಫ್ಯೂಸ್ ಇದೇ ವಿಧಾನದ್ದು. ಫೋಟೊಮ್ಯಾಟಿಕ್ಸ್ ಒಳಗೂ ಇದು ಪ್ರತ್ಯೇಕ ಆಯ್ಕೆಯಾಗಿ ಇದೆ. ಮನೆ ಮಾರುವವರಿಗೆ ಕೋಣೆಯ ಒಳಗನ್ನೂ ಕಿಟಕಿಯ ಹೊರಗನ್ನೂ ಒಂದೇ ಚಿತ್ರದಲ್ಲಿ ಕೊಡಬೇಕಾದವರಿಗೆ ಇದು ಬಹಳ ಹೊಂದುತ್ತದೆ. ಆದರೆ ಕೊನೆಗೆ ಕೈಗೆ ಸಿಗುವುದು ಮುಗಿದ ಚಿತ್ರ ಮಾತ್ರ, ಲೆಕ್ಕದ ಪುಸ್ತಕ ಸಿಗುವುದಿಲ್ಲ. ಹೀಗಿರುವಾಗ ಎನ್‌ಫ್ಯೂಸ್ ಮತ್ತು ಲ್ಯೂಮಿನೆನ್ಸ್ ಎಚ್‌ಡಿಆರ್ ಎರಡನ್ನೂ ಒಂದೇ ಕೋಷ್ಟಕದಲ್ಲಿ ಇಟ್ಟು ಐದರಲ್ಲಿ ಇಷ್ಟು ನಕ್ಷತ್ರ ಎಂದರೆ ಓದುಗನಿಗೆ ಏನು ತಿಳಿದ ಹಾಗಾಯಿತು?

ಹಾಗಾದರೆ ನೋಡಬೇಕಾದ್ದೇನು? ಅದನ್ನು ಹೇಳಲು ಬೇಲೂರಿಗಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನಿಂತು ಪೂರ್ವದ ಬಾಗಿಲ ಕಡೆ ನೋಡಿ. ಹೊರಗೆ ಅಂಗಳದ ಕಲ್ಲುಹಾಸಿನ ಮೇಲೆ ಬೀಳುವ ನಡುಹಗಲ ಬಿಸಿಲು ಲಕ್ಷ ಲಕ್ಸ್‌ನಷ್ಟಿರುತ್ತದೆ. ಒಳಗಿನ ಕಂಬಗಳ ಹಿಂಬದಿಯಲ್ಲಿ ಕೆಲವೇ ಲಕ್ಸ್. ಬೀಳುವ ಬೆಳಕಿನ ಅಂತರವೇ ಹದಿನಾಲ್ಕು ಸ್ಟಾಪ್‌ಗಳ ಹತ್ತಿರ ಬಂತು. ಅದರ ಮೇಲೆ ಬಳಪದ ಕಲ್ಲಿನ ಕಪ್ಪು ಒಂದು ಕಡೆ, ಭಕ್ತರ ಬಿಳಿ ಪಂಚೆ ಇನ್ನೊಂದು ಕಡೆ. ಜಾಲಂಧ್ರಗಳಿಂದ ತೂರಿಬರುವ ಬೆಳಕು ನೀಲಿಯ ಕಡೆಗೆ, ದೀಪದ ಬೆಳಕು ಹಳದಿಯ ಕಡೆಗೆ. ಇಂದಿನ ಅತ್ಯುತ್ತಮ ಫುಲ್ ಫ್ರೇಮ್ ಸೆನ್ಸರ್ ಕೂಡ ಒಂದು ಕ್ಲಿಕ್ಕಿನಲ್ಲಿ ಇದನ್ನು ಹಿಡಿಯಲಾರದು. ಎಚ್‌ಡಿಆರ್ ನಿಜವಾಗಿ ಬೇಕಾಗುವುದು ಇಂಥಲ್ಲಿ.

ಇಲ್ಲಿ ತಂತ್ರಾಂಶಕ್ಕೆ ಬರುವ ಮೊದಲ ಕಷ್ಟ ಕೈಯ ನಡುಕ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಳಸುವಂತಿಲ್ಲ. ಆದ್ದರಿಂದ ನಮ್ಮಲ್ಲಿ ಬಹುಪಾಲು ಜನ ತೆಗೆಯುವ ಬ್ರಾಕೆಟ್‌ಗಳು, ಅಂದರೆ ಬೇರೆ ಬೇರೆ ಎಕ್ಸ್‌ಪೋಶರ್‌ನ ಚಿತ್ರಗಳ ಕಟ್ಟುಗಳು, ಕೈಯಲ್ಲಿ ಹಿಡಿದು ತೆಗೆದವು. ಮೂರು ಚಿತ್ರಗಳೂ ಒಂದರ ಮೇಲೊಂದು ಕೂರಬೇಕು. ಹೊಳಪು ಇಷ್ಟೊಂದು ಬೇರೆಯಾಗಿರುವ ಚಿತ್ರಗಳನ್ನು ಹೊಂದಿಸುವುದು ಸುಲಭವಲ್ಲ. ಇದಕ್ಕೊಂದು ಜಾಣ ಉಪಾಯವನ್ನು ಗ್ರೆಗ್ ವಾರ್ಡ್ 2003ರಲ್ಲಿ ಪ್ರಕಟಿಸಿದರು: ಪ್ರತಿ ಚಿತ್ರವನ್ನೂ ಅದರದೇ ಮಧ್ಯಾಂಕಕ್ಕಿಂತ ಮೇಲೆ, ಕೆಳಗೆ ಎಂದು ಬರಿಯ ಕಪ್ಪು ಬಿಳುಪಿಗೆ ಇಳಿಸಿದರೆ, ಎಕ್ಸ್‌ಪೋಶರ್ ಏನೇ ಇರಲಿ ಆಕೃತಿ ಹೆಚ್ಚುಕಡಿಮೆ ಒಂದೇ ಬರುತ್ತದೆ, ಆಗ ಹೊಂದಿಸಬಹುದು. ಚಿತ್ರ ಮೇಲೆ ಕೆಳಗೆ, ಆಚೆ ಈಚೆ ಸರಿದದ್ದನ್ನು ಇದು ಸರಿಪಡಿಸುತ್ತದೆ. ಕ್ಯಾಮೆರಾ ತಿರುಚಿಕೊಂಡಿದ್ದರೆ ಅದಕ್ಕಿಂತ ಹೆಚ್ಚಿನದು ಬೇಕು. ಯಾವ ತಂತ್ರಾಂಶ ಎಷ್ಟರ ಮಟ್ಟಿಗೆ ಹೊಂದಿಸುತ್ತದೆ ಎಂಬುದನ್ನು ಬೇಲೂರಿನ ತಿರುಗಣೆ ಕಂಬಗಳ ಉಂಗುರದಂಥ ಸಣ್ಣ ಗೆರೆಗಳು ತಕ್ಷಣ ಹೇಳಿಬಿಡುತ್ತವೆ. ಗೆರೆ ಎರಡಾಗಿ ಕಂಡರೆ ಮುಗಿಯಿತು. ಟ್ರೈಪಾಡ್ ಮೇಲೆ ತೆಗೆದ ಸೂರ್ಯಾಸ್ತದಲ್ಲಿ ಈ ಪರೀಕ್ಷೆ ನಡೆಯುವುದೇ ಇಲ್ಲ.

ಎರಡನೆಯದು ಚಲನೆ. ಬಾಗಿಲಲ್ಲಿ ಜನ ಹೋಗಿ ಬರುತ್ತಾರೆ, ದೀಪದ ಕುಡಿ ಅಲುಗುತ್ತದೆ. ಮೂರು ಚಿತ್ರಗಳಲ್ಲಿ ಮೂರು ಕಡೆ ಇರುವ ಒಬ್ಬನೇ ಮನುಷ್ಯ ಕೂಡಿದ ಚಿತ್ರದಲ್ಲಿ ಅರೆಪಾರದರ್ಶಕ ಗೋಸ್ಟ್ ಆಗುತ್ತಾನೆ. ಇದನ್ನು ನಿವಾರಿಸಲು ತಂತ್ರಾಂಶ ಆ ಭಾಗದಲ್ಲಿ ಯಾವುದಾದರೂ ಒಂದೇ ಚಿತ್ರವನ್ನು ನಂಬಬೇಕು. ಹಾಗೆ ನಂಬಿದ ಕೂಡಲೇ ಅಲ್ಲಿನ ನಾಯ್ಸ್ ಉಳಿದ ಭಾಗಕ್ಕಿಂತ ಬೇರೆಯಾಗುತ್ತದೆ, ಅಂಚುಗಳಲ್ಲಿ ತೇಪೆ ಕಾಣಬಹುದು. ಎಲ್ಲಿ ಚಲನೆ ಇದೆ ಎಂದು ನಾವೇ ಗುರುತು ಹಾಕಿ, ಅಲ್ಲಿಗೆ ಯಾವ ಚಿತ್ರ ಬೇಕೆಂದು ಆರಿಸಲು ಫೋಟೊಮ್ಯಾಟಿಕ್ಸ್ ಬಿಡುತ್ತದೆ. ಲೈಟ್‌ರೂಮ್ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಮಟ್ಟ ಕೊಟ್ಟು, ತಾನು ಎಲ್ಲೆಲ್ಲಿ ತೇಪೆ ಹಾಕಿದೆ ಎಂದು ಬಣ್ಣದಲ್ಲಿ ತೋರಿಸುತ್ತದೆ. ಇವು ಎರಡು ಬೇರೆ ನಂಬಿಕೆಗಳು: ಒಂದು ಛಾಯಾಗ್ರಾಹಕನ ತೀರ್ಮಾನವನ್ನು ಕೇಳುತ್ತದೆ, ಇನ್ನೊಂದು ತಾನೇ ಮಾಡಿ ಲೆಕ್ಕ ಒಪ್ಪಿಸುತ್ತದೆ. ಕೊಳ್ಳುವವನು ತಿಳಿಯಬೇಕಾದ ವ್ಯತ್ಯಾಸ ಇದು.

ಮೂರನೆಯದು ನೆರಳಿನ ನಾಯ್ಸ್. ಬೆಳಕು ನಾಲ್ಕು ಪಟ್ಟಾದರೆ, ಬೆಳಕಿನದೇ ಏರುಪೇರಿನ ಮಟ್ಟಿಗೆ, ನಾಯ್ಸ್‌ಗೆ ಹೋಲಿಸಿದ ಸಂಕೇತ ಎರಡು ಪಟ್ಟು ಶುದ್ಧವಾಗುತ್ತದೆ. ಎರಡು ಸ್ಟಾಪ್ ಹೆಚ್ಚಿಗೆ ತೆಗೆದ ಚಿತ್ರದ ಬೆಲೆ ಅದು. ಕೂಡಿಸುವಾಗ ನೆರಳಿನ ಭಾಗಕ್ಕೆ ಆ ಚಿತ್ರದ ತೂಕವೇ ಹೆಚ್ಚಿರಬೇಕು. ಕೂಡಿದ ಕಡತದ ನೆರಳನ್ನು ನೂರಕ್ಕೆ ನೂರು ಗಾತ್ರದಲ್ಲಿ ತೆರೆದು, ಬ್ರಾಕೆಟ್‌ನ ಅತಿ ಬಿಳಿ ಚಿತ್ರದ ಅದೇ ಭಾಗದ ಪಕ್ಕದಲ್ಲಿ ಇಡಿ. ಕೂಡಿದ್ದರಲ್ಲಿ ನಾಯ್ಸ್ ಹೆಚ್ಚಿದ್ದರೆ ತಂತ್ರಾಂಶ ನಮ್ಮ ಚಿತ್ರವನ್ನು ಪೋಲು ಮಾಡಿದೆ. ಇದಕ್ಕೆ ಅಭಿರುಚಿ ಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ದೀಪದ ಕುಡಿಯ ಬಣ್ಣವೂ ಇಂಥದೇ ಸಾಕ್ಷಿ. ಹಳದಿ ಬೆಳಕಿನಲ್ಲಿ ಕೆಂಪು ಚಾನೆಲ್ ಮೊದಲು ತುಂಬಿಹೋಗುತ್ತದೆ. ಹಾಗೆ ತುಂಬಿದ ಬಿಂದುವನ್ನು ಗುರುತಿಸದೆ ಸರಾಸರಿಗೆ ಸೇರಿಸಿದರೆ ಕುಡಿಯ ಅಂಚಿನಲ್ಲಿ ಇಲ್ಲದ ಬಣ್ಣ ಹುಟ್ಟುತ್ತದೆ.

ಇನ್ನೂ ಸರಳವಾದ ಪರೀಕ್ಷೆಯೊಂದಿದೆ, ಯಾವ ಹೋಲಿಕೆಯಲ್ಲೂ ನಾನು ಅದನ್ನು ಕಂಡಿಲ್ಲ. ಕೂಡಿದ ಕಡತದ ಎಕ್ಸ್‌ಪೋಶರನ್ನು ಎರಡು ಸ್ಟಾಪ್ ಇಳಿಸಿ, ಬ್ರಾಕೆಟ್‌ನಲ್ಲಿದ್ದ ಎರಡು ಸ್ಟಾಪ್ ಕಡಿಮೆಯ ಮೂಲ ಚಿತ್ರದ ಜೊತೆ ಇಡಿ. ಲೆಕ್ಕ ಸರಿಯಿದ್ದರೆ ಎರಡೂ ಹೊಂದಬೇಕು. ಹೊಂದದಿದ್ದರೆ ತಂತ್ರಾಂಶ ಕೂಡಿಸುವ ಹಂತದಲ್ಲೇ ಕೈಯಾಡಿಸಿದೆ ಎಂದರ್ಥ. ಸಿನಿಮಾದ ಕೃತಕ ದೃಶ್ಯಗಳಿಗೆ ನಿಜವಾದ ಜಾಗದ ಬೆಳಕನ್ನು ಹೊಂದಿಸುವವರು ಡೆಬೆವೆಕ್ ತೋರಿಸಿಕೊಟ್ಟ ದಾರಿಯಲ್ಲೇ ಇವತ್ತಿಗೂ ನಡೆಯುತ್ತಾರೆ. ಅವರಿಗೆ ಈ ಹೊಂದಿಕೆಯೇ ಸರ್ವಸ್ವ. ಸೂರ್ಯನ ಲೆಕ್ಕ ತಪ್ಪಿದರೆ ಕೃತಕ ಕಾರಿನ ನೆರಳೇ ತಪ್ಪುತ್ತದೆ.

ಈಗ ಸಾಲಾಗಿ ಜೋಡಿಸಿ ನೋಡುವ ಅಭ್ಯಾಸದ ಕಡೆಗೆ. ಐದು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಒಂದೆರಡು ಕ್ಷಣ ನೋಡಿದರೆ ಕಣ್ಣು ಹೊಳಪಿನ ಕಡೆಗೂ ಗಾಢ ಬಣ್ಣದ ಕಡೆಗೂ ಹೋಗುತ್ತದೆ. ಟಿವಿ ಅಂಗಡಿಗೆ ಹೋದವರಿಗೆ ಇದು ಗೊತ್ತು: ಗೋಡೆಯ ಮೇಲಿನ ಸಾಲಿನಲ್ಲಿ ಅತ್ಯಂತ ಕಣ್ಣು ಕೋರೈಸುವ ಟಿವಿ ಮನೆಗೆ ಬಂದ ಮೇಲೆ ರಾತ್ರಿ ಹೊತ್ತು ನೋಡಲಾಗದಷ್ಟು ತೀಕ್ಷ್ಣವಾಗಿರುತ್ತದೆ. ತಂತ್ರಾಂಶ ಮಾರುವವರಿಗೂ ಇದು ಚೆನ್ನಾಗಿ ಗೊತ್ತಿದೆ. ಹೋಲಿಕೆಯ ಸಾಲಿನಲ್ಲಿ ಮೊದಲು ಕಣ್ಣಿಗೆ ಬೀಳುವ ಪ್ರಿಸೆಟ್ಟೇ ಮಾರಾಟ ತರುವುದಾದರೆ, ಒಬ್ಬರನ್ನೊಬ್ಬರು ಮೀರಿಸುವ ಪ್ರಿಸೆಟ್‌ಗಳು ಬರದೆ ಇನ್ನೇನಾಗುತ್ತದೆ? ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಎಲ್ಲೆಲ್ಲೂ ಕಂಡ, ಪ್ರತಿ ಇಟ್ಟಿಗೆಯೂ ಕೊರೆದಂತೆ, ಪ್ರತಿ ಮೋಡವೂ ಹೊಗೆಯಂತೆ, ಕಟ್ಟಡದ ಸುತ್ತ ಬಿಳಿ ಹೇಲೋ ಹೊತ್ತ ಆ ಚಿತ್ರಗಳು ಈ ಪೈಪೋಟಿಯ ಮಕ್ಕಳು. ಇವತ್ತು ಅವನ್ನು ತೆಗೆದವರೇ ಅವನ್ನು ತೋರಿಸಲು ಹಿಂಜರಿಯುತ್ತಾರೆ.

ಹೋಲಿಕೆಗೆ ಆರಿಸುವ ದೃಶ್ಯದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಸೂರ್ಯ ಆಗಲೇ ಮುಳುಗಿರುವ ಸಂಜೆಯ ಎಷ್ಟೋ ದೃಶ್ಯಗಳು ಇಂದಿನ ಕ್ಯಾಮೆರಾದ ಒಂದೇ ರಾ ಫೈಲಿನಲ್ಲಿ ಪೂರ್ತಿ ಹಿಡಿಯುತ್ತವೆ. ಅವಕ್ಕೆ ಬ್ರಾಕೆಟಿಂಗೇ ಬೇಕಾಗಿಲ್ಲ. ಬೇಕಿಲ್ಲದ ಕಡೆ ಉಪಕರಣಗಳನ್ನು ಪಂದ್ಯಕ್ಕಿಳಿಸಿದರೆ ಯಾರೂ ಸೋಲುವುದಿಲ್ಲ.

ನನ್ನ ವಾದಕ್ಕೆ ಎದುರು ನಿಲ್ಲುವ ಗಟ್ಟಿಯಾದ ಮಾತು ಒಂದಿದೆ. ಕ್ಯಾಮೆರಾಕ್ಕೆ ಕಾಣದ್ದು ಕಣ್ಣಿಗೆ ಕಾಣುತ್ತದೆ. ನವರಂಗದಲ್ಲಿ ನಿಂತವನಿಗೆ ಒಳಗಿನ ಕಂಬವೂ ಕಾಣುತ್ತದೆ, ಹೊರಗಿನ ಅಂಗಳವೂ ಕಾಣುತ್ತದೆ. ಆದ್ದರಿಂದ ಎರಡನ್ನೂ ಪೂರ್ತಿ ತೋರಿಸುವ ಚಿತ್ರವೇ ನಿಜಕ್ಕೆ ಹತ್ತಿರ, ಅದನ್ನು ಕೊಡುವ ತಂತ್ರಾಂಶವೇ ಮೇಲು. ಈ ಮಾತಿನ ಮೊದಲರ್ಧವನ್ನು ನಾನು ಪೂರಾ ಒಪ್ಪುತ್ತೇನೆ. ಎರಡನೆಯ ಅರ್ಧ ಕಣ್ಣು ಹೇಗೆ ನೋಡುತ್ತದೆ ಎಂಬುದನ್ನೇ ಮರೆತ ಮಾತು. ಪಾಪೆ ಎರಡು ಮಿಲಿಮೀಟರಿನಿಂದ ಎಂಟು ಮಿಲಿಮೀಟರಿನವರೆಗೆ ಹಿಗ್ಗಿದರೂ ಒಳಬರುವ ಬೆಳಕು ಹದಿನಾರು ಪಟ್ಟು ಹೆಚ್ಚುತ್ತದೆ ಅಷ್ಟೆ, ಅಂದರೆ ನಾಲ್ಕು ಸ್ಟಾಪ್. ಉಳಿದ ಕೆಲಸವನ್ನೆಲ್ಲ ಅಕ್ಷಿಪಟಲವೂ ಮಿದುಳೂ ಮಾಡುತ್ತವೆ, ಅದಕ್ಕೆ ಸಮಯ ಬೇಕು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯೇ ಹಿಡಿಯಬಹುದು. ಬಿಸಿಲಿನಿಂದ ನವರಂಗಕ್ಕೆ ಕಾಲಿಟ್ಟಾಗ ಮೊದಲು ಏನೂ ಕಾಣದು. ಆಮೇಲೆ ಕಂಬದ ನುಣುಪಿನ ಮೇಲೊಂದು ಹೊಳಪಿನ ಗೆರೆ, ಆಮೇಲೆ ಕಂಬ, ಆಮೇಲೆ ಅದರ ಮೇಲಿನ ಮದನಿಕೆ, ಕೊನೆಗೆ ನೆತ್ತಿಯ ಮೇಲಿನ ಭುವನೇಶ್ವರಿಯ ಪದರಗಳು. ಎಲ್ಲವೂ ಕಾಣುತ್ತದೆ, ಒಟ್ಟಿಗೆ ಕಾಣುವುದಿಲ್ಲ. ಕಂಬ ಅಂಗಳದಷ್ಟೇ ಬೆಳ್ಳಗಂತೂ ಎಂದೂ ಕಾಣುವುದಿಲ್ಲ. ಕಣ್ಣಿನ ಹೆಸರು ಹೇಳಿಕೊಂಡು ಎರಡನ್ನೂ ಒಂದೇ ಮಟ್ಟಕ್ಕೆ ತರುವ ಪ್ರಿಸೆಟ್ ಕಣ್ಣಿಗೆ ದ್ರೋಹ ಮಾಡುತ್ತಿದೆ.

ಇಲ್ಲೇ ಟೋನ್ ಮ್ಯಾಪಿಂಗ್‌ಗೂ ಒಂದು ಅಳತೆ ಸಿಗುತ್ತದೆ. ಹೊಳಪಿನ ಅಂತರ ಕುಗ್ಗಲಿ, ಅದು ಅನಿವಾರ್ಯ. ಹೊಳಪಿನ ಸರದಿ ತಪ್ಪಬಾರದು. ದೃಶ್ಯದಲ್ಲಿ ಐದಾರು ಜಾಗಗಳನ್ನು ಆರಿಸಿ, ಯಾವುದು ಯಾವುದಕ್ಕಿಂತ ಬೆಳಗಿತ್ತು ಎಂದು ಸ್ಥಳದಲ್ಲೇ ಬರೆದುಕೊಳ್ಳಿ. ಅಂಗಳ, ಹೊಸ್ತಿಲು, ಬಾಗಿಲಿಗೆ ಮುಖ ಮಾಡಿದ ಕಂಬದ ಮೈ, ಅದರ ಹಿಂಬದಿ, ಛಾವಣಿಯ ಮೂಲೆ. ಟೋನ್ ಮ್ಯಾಪಿಂಗ್ ಆದ ಮೇಲೆ ಛಾವಣಿಯ ಮೂಲೆ ಕಂಬದ ಮುಂಬದಿಗಿಂತ ಬೆಳ್ಳಗಾಗಿದ್ದರೆ, ಅಥವಾ ಹಗಲಿನ ಆಕಾಶ ಕಲ್ಲಿಗಿಂತ ಕಪ್ಪಾಗಿದ್ದರೆ, ಆ ಚಿತ್ರ ಅಲ್ಲಿ ನಿಂತವನಿಗೆ ಪರಕೀಯವಾಗುತ್ತದೆ. ಸ್ಥಳೀಯ ಟೋನ್ ಮ್ಯಾಪಿಂಗ್ ವಿಧಾನಗಳು ಅಕ್ಕಪಕ್ಕವನ್ನು ಮಾತ್ರ ನೋಡಿ ಕೆಲಸ ಮಾಡುವುದರಿಂದ, ಸ್ಲೈಡರ್ ಮಿತಿ ಮೀರಿದಾಗ ಈ ಸರದಿ ತಪ್ಪುತ್ತದೆ. ಹೇಲೋ ಕೂಡ ಅದರದೇ ಇನ್ನೊಂದು ರೂಪ. ಯಾವ ತಂತ್ರಾಂಶ ಎಷ್ಟು ದೂರದವರೆಗೆ ಸರದಿ ಕೆಡಿಸದೆ ಅಂತರ ಕುಗ್ಗಿಸುತ್ತದೆ ಎಂದು ಹೋಲಿಸಿ ಬರೆದರೆ ನಾನು ಆ ಬರಹವನ್ನು ಎರಡು ಸಲ ಓದುತ್ತೇನೆ.

ಈ ವಿವೇಕ ಹೊಸತೇನಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೆ 1857ರ ಹೊತ್ತಿಗೆ ಸೆಟ್ ಊರಿನ ದೊಡ್ಡ ಅಲೆಯ ಚಿತ್ರಕ್ಕಾಗಿ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ಬಳಸಿ, ಕ್ಷಿತಿಜದ ಗೆರೆಯಲ್ಲಿ ಕೂಡಿಸಿದ. ಅಂದಿನ ರಾಸಾಯನಿಕಗಳು ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಒಂದೇ ನೆಗೆಟಿವ್‌ನಲ್ಲಿ ಆಕಾಶ ಬರಿಯ ಬಿಳಿಯಾಗುತ್ತಿತ್ತು. ಎರಡು ಎಕ್ಸ್‌ಪೋಶರ್‌ಗಳನ್ನು ಕೂಡಿಸುವ ಆಸೆ ಅಷ್ಟು ಹಳೆಯದು. ಎಲ್ಲಿ ಕೂಡಿಸಬೇಕು, ಎಷ್ಟು ತೋರಿಸಬೇಕು ಎಂಬ ತೀರ್ಮಾನ ಮಾತ್ರ ಅವನ ಕೈಯಲ್ಲಿತ್ತು. ನಮ್ಮ ಮೈಸೂರಿನ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೋ ಒಳಗೆ ಹಾಯಿಸಿ ಆ ಪ್ರಸಿದ್ಧ ಬೆಳಕಿನ ಕೋಲನ್ನು ಸೃಷ್ಟಿಸಿದರು. ಅದು ಕೋಲಾಗಿ ಕಂಡದ್ದು ಸುತ್ತಲಿನ ಕತ್ತಲನ್ನು ಕತ್ತಲಾಗಿಯೇ ಬಿಟ್ಟಿದ್ದರಿಂದ. ಆ ದೃಶ್ಯದ ಒಂದು ಚೌಕಟ್ಟನ್ನು ತೆಗೆದು ನೆರಳಿನ ಸ್ಲೈಡರನ್ನು ಕೊನೆಯವರೆಗೆ ಎಳೆದರೆ ಸ್ಟುಡಿಯೋದ ಮೂಲೆಗಳು ಕಾಣಬಹುದು, ಬೆಳಕು ಮಾಯವಾಗುತ್ತದೆ. ಅಚ್ಚಿನ ಹೋಲಿಕೆಯ ಪ್ರಕಾರ ಆ ಎರಡನೆಯ ಚಿತ್ರಕ್ಕೆ ಹೆಚ್ಚು ಅಂಕ.

ದಾಖಲೆಯ ಕೆಲಸ ಮಾಡುವವರು ಇದಕ್ಕೆ ಆಕ್ಷೇಪ ಎತ್ತಬಹುದು. ಶಿಲ್ಪದ ಅಧ್ಯಯನಕ್ಕೆ ಭಾವ ಬೇಡ, ಕೆತ್ತನೆ ಪೂರ್ತಿ ಕಾಣಬೇಕು ಎನ್ನುತ್ತಾರೆ ಅವರು. ನ್ಯಾಯವಾದ ಬೇಡಿಕೆಯೇ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇಂಥ ದಾಖಲೆಯ ಅಗತ್ಯ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಆದರೆ ಈ ಬೇಡಿಕೆ ನನ್ನ ಕಡೆಗೇ ವಾಲುತ್ತದೆ. ಉಬ್ಬುಶಿಲ್ಪದ ಆಳ ನಮಗೆ ತಿಳಿಯುವುದು ಒಂದು ಬದಿಯ ಬೆಳಕು, ಇನ್ನೊಂದು ಬದಿಯ ನೆರಳು ಇವುಗಳಿಂದ. ನೆರಳನ್ನೆಲ್ಲ ಎತ್ತಿಬಿಟ್ಟರೆ ಮದನಿಕೆಯ ತೋಳು ಹಿಂದಿನ ಬಳ್ಳಿಗೆ ಅಂಟಿದಂತೆ ಚಪ್ಪಟೆಯಾಗುತ್ತದೆ, ಗೀರುಗಳೂ ಕಲೆಗಳೂ ಕೆತ್ತನೆಯಷ್ಟೇ ಎದ್ದು ಕಾಣುತ್ತವೆ. ಸಂಶೋಧಕನಿಗೆ ಬೇಕಾದದ್ದು ಬಣ್ಣದ ಮಾಪಕದ ಜೊತೆಗೆ ತೆಗೆದ, ಸರಿಯಾಗಿ ಕೂಡಿಸಿದ ಮೂಲ ಕಡತ. ಯಾವ ಭಾಗ ಬೇಕೋ ಆ ಭಾಗವನ್ನು ಅವನೇ ಬೆಳಗಿಸಿಕೊಂಡು ನೋಡುತ್ತಾನೆ.

ಮೊಬೈಲಿನ ಬಗ್ಗೆ ದೀರ್ಘವಾಗಿ ಹೇಳಲು ಇದು ಜಾಗವಲ್ಲ, ಆದರೂ ಒಂದು ಸಂಗತಿ ಇಲ್ಲಿ ಪ್ರಸ್ತುತ. ಗೂಗಲ್ ಎಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಎಚ್‌ಡಿಆರ್ ಪ್ಲಸ್ ಪ್ರಬಂಧದಲ್ಲಿ ಬ್ರಾಕೆಟಿಂಗನ್ನೇ ಕೈಬಿಟ್ಟಿದ್ದರು. ಬೇಕೆಂದೇ ಕಡಿಮೆ ಬೆಳಕಿಗೆ ತೆಗೆದ ಹಲವು ಚಿತ್ರಗಳು, ಎಲ್ಲವೂ ಒಂದೇ ಎಕ್ಸ್‌ಪೋಶರ್‌ನವು. ಅವನ್ನು ಹೊಂದಿಸಿ, ಕೂಡಿಸಿ, ನಾಯ್ಸ್ ಇಳಿಸಿ, ಆಮೇಲೆ ನೆರಳನ್ನು ಎತ್ತುವುದು. ಹೊಂದಿಸುವಲ್ಲಿ, ಕೂಡಿಸುವಲ್ಲಿ ಅವರು ಪಟ್ಟ ಶ್ರಮವೇ ಆ ವಿಧಾನದ ಯಶಸ್ಸಿನ ತಳಪಾಯ. ಕೋಟ್ಯಂತರ ಜನರ ಜೇಬಿನಲ್ಲಿ ಕೆಲಸ ಮಾಡಬೇಕಾದವರು ಎಲ್ಲಿ ಬೆವರು ಹರಿಸಿದರೋ ಅಲ್ಲಿಗೆ ನಮ್ಮ ಹೋಲಿಕೆಗಾರರು ಕಣ್ಣು ಹಾಯಿಸುವುದೂ ಇಲ್ಲ.

ಪರದೆಗಳೇ ಬದಲಾಗುತ್ತಿರುವ ಈ ಹೊತ್ತಿನಲ್ಲಿ ಸರಿಯಾದ ಕೂಡಿಕೆಯ ಬೆಲೆ ಇನ್ನೂ ಹೆಚ್ಚಿದೆ. 2014ರಲ್ಲಿ ಪ್ರಮಾಣೀಕರಿಸಿದ ಪಿಕ್ಯೂ ಎಂಬ ಸಂಕೇತ ಪದ್ಧತಿ ಹತ್ತು ಸಾವಿರ ನಿಟ್ಸ್‌ವರೆಗಿನ ಹೊಳಪಿಗೆ ಜಾಗ ಮಾಡಿಕೊಟ್ಟಿತು. 2023ರಲ್ಲಿ ಆಂಡ್ರಾಯ್ಡ್ 14 ಅಲ್ಟ್ರಾ ಎಚ್‌ಡಿಆರ್ ತಂದಿತು: ಮಾಮೂಲಿ ಜೆಪೆಗ್ ಒಳಗೇ, ಯಾವ ಭಾಗವನ್ನು ಎಷ್ಟು ಹೆಚ್ಚು ಬೆಳಗಿಸಬೇಕು ಎಂಬ ಒಂದು ನಕ್ಷೆ. ಐಫೋನ್‌ಗಳು ಅದಕ್ಕೂ ಮೊದಲೇ ಇಂಥದನ್ನು ಮಾಡುತ್ತಿದ್ದವು. 2023ರಲ್ಲೇ ಲೈಟ್‌ರೂಮ್ ಕೂಡ ಹೊಸ ಪರದೆಗಳಿಗೆ ಎಚ್‌ಡಿಆರ್ ಆಗಿಯೇ ಚಿತ್ರ ಹೊರಡಿಸಲು ಶುರು ಮಾಡಿತು. ಈ ಪರದೆಗಳ ಮೇಲೆ ದೀಪದ ಕುಡಿಗೆ ದೀಪದ ಹೊಳಪನ್ನೇ ಕೊಡಬಹುದು, ಕಂಬವನ್ನು ಅದರ ಕಪ್ಪಿನಲ್ಲೇ ಇರಗೊಡಬಹುದು. ಮೂಲ ರಾ ಫೈಲುಗಳನ್ನೂ ಕೂಡಿದ ಕಡತವನ್ನೂ ಇಟ್ಟುಕೊಂಡವರು ಹತ್ತು ವರ್ಷದ ಹಿಂದಿನ ಚಿತ್ರವನ್ನೂ ಇವತ್ತು ಮತ್ತೆ ಹೀಗೆ ಮಾಡಿಕೊಳ್ಳಬಲ್ಲರು. ಪ್ರಿಸೆಟ್ ಒತ್ತಿ, 8 ಬಿಟ್ ಜೆಪೆಗ್ ಉಳಿಸಿ, ಜಾಗ ಸಾಲದೆಂದು ಉಳಿದುದನ್ನು ಅಳಿಸಿದವರಿಗೆ ಆ ದಾರಿ ಮುಚ್ಚಿದೆ. ಅಂದಿನ ಹೋಲಿಕೆಗಳಲ್ಲಿ ಮತ್ತೆ ಮತ್ತೆ ಮೆಚ್ಚುಗೆ ಪಡೆದ ಅರೋರಾಕ್ಕೆ 2019ರ ಆವೃತ್ತಿಯ ನಂತರ ಹೊಸ ಆವೃತ್ತಿಯೇ ಬರಲಿಲ್ಲ. ಅದರದೇ ಕಡತ ರೂಪದಲ್ಲಿ ಕೆಲಸ ಉಳಿಸಿಟ್ಟವರ ಗತಿ ಏನು ಎಂದು ಅಂಕ ಕೊಟ್ಟವರಾರೂ ಅಂದು ಕೇಳಲಿಲ್ಲ. ತಂತ್ರಾಂಶ ತನ್ನ ಕೂಡಿಕೆಯನ್ನು ಓಪನ್ ಇಎಕ್ಸ್ಆರ್, ರೇಡಿಯನ್ಸ್, ಡಿಎನ್‌ಜಿಯಂಥ, ಬೇರೆ ಕಡೆಯೂ ತೆರೆಯುವ ರೂಪದಲ್ಲಿ ಹೊರಗೆ ಕೊಡುತ್ತದೆಯೇ ಎಂಬುದು ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ.

ಆದ್ದರಿಂದ ಹೋಲಿಕೆ ಬರೆಯುವವರಲ್ಲಿ ನನ್ನ ಒತ್ತಾಯ ಇದು. ನೆರಳೂ ಬಿಸಿಲೂ ಚಲನೆಯೂ ಇರುವ, ಕೈಯಲ್ಲಿ ಹಿಡಿದು ತೆಗೆದ ಬ್ರಾಕೆಟ್ ಆರಿಸಿ. ಅದರ ರಾ ಫೈಲುಗಳನ್ನು ಓದುಗರ ಕೈಗೆ ಕೊಡಿ. ಕೂಡಿದ ಕಡತ ಮೂಲ ಚಿತ್ರಗಳಿಗೆ ಹೊಂದುತ್ತದೆಯೇ, ನೆರಳು ಎಷ್ಟು ಶುದ್ಧವಾಗಿದೆ, ಗೆರೆ ಎಲ್ಲಿ ಎರಡಾಗಿದೆ, ತೇಪೆ ಎಲ್ಲಿ ಬಿದ್ದಿದೆ ಎಂದು ತೋರಿಸಿ. ಆ ಪುಟಗಳಲ್ಲಿ ಯಾವ ಪ್ರಿಸೆಟ್ಟೂ ಬೇಡ. ಆಮೇಲೆ ಅದೇ ಒಂದು ಕಡತವನ್ನು, ಆ ಜಾಗದಲ್ಲಿ ನಿಂತಿದ್ದ ಒಬ್ಬನೇ ಛಾಯಾಗ್ರಾಹಕನ ಕೈಗೆ ಕೊಟ್ಟು, ಅವನಿಗೆ ಬೇಕಾದ ಚಿತ್ರವನ್ನು ಪ್ರತಿ ತಂತ್ರಾಂಶದಲ್ಲೂ ಮಾಡಿಸಿ. ಎಲ್ಲಿ ಅವನು ಸಲೀಸಾಗಿ ತಲುಪಿದ, ಎಲ್ಲಿ ತಂತ್ರಾಂಶ ಅವನನ್ನು ತಡೆಯಿತು ಎಂದು ಬರೆಯಿರಿ. ಅಂಕದ ಕೋಷ್ಟಕ ಅದರ ನಂತರವೂ ಬೇಕೆನಿಸಿದರೆ ಹಾಕಿ.